ನೆತ್ತಿಯ ಮೇಲಣ ಕೆಂಪು ದೀಪ

ಇರುಳಿನಲ್ಲಿ ಮಹಾನಗರದ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ಕೆಂಪು ದೀಪ ಕಾಣಿಸದಿರದು. ಅದನ್ನು ಅಲಂಕಾರವೆಂದು ಬಗೆಯುವವರೂ ಉಂಟು. ಆದರೆ ಆ ದೀಪವನ್ನು ಹಚ್ಚಿರುವುದು ಕೆಳಗೆ ನಿಂತ ನಮಗಾಗಿ ಅಲ್ಲ. ಮೇಲೆ ಹಾರಿಹೋಗುವ, ಆ ಮನೆಯವರು ಎಂದೂ ಮುಖ ಕಂಡರಿಯದ ವಿಮಾನ ಚಾಲಕನಿಗಾಗಿ.

ಮುಗಿಲಿಗೂ ಮಹಡಿಗೂ ನಡುವೆ ಇಂತಹ ಎಚ್ಚರಿಕೆ ಏಕೆ ಬೇಕೆಂಬುದನ್ನು ನ್ಯೂಯಾರ್ಕ್ ನಗರ ಕಣ್ಣೀರಿಟ್ಟು ಕಲಿಯಿತು. 1945ರ ಜುಲೈ 28, ಶನಿವಾರ. ಬೆಳಗಿನ ದಟ್ಟವಾದ ಮಂಜಿನಲ್ಲಿ ಅಮೆರಿಕದ ಸೈನ್ಯದ ಬಿ-25 ವಿಮಾನವೊಂದು ದಾರಿ ತಪ್ಪಿ, ಎಂಪೈರ್ ಸ್ಟೇಟ್ ಕಟ್ಟಡದ 79ನೆಯ ಅಂತಸ್ತಿಗೆ ಅಪ್ಪಳಿಸಿತು. ವಿಮಾನದಲ್ಲಿದ್ದ ಮೂವರೂ ಕಟ್ಟಡದೊಳಗಿದ್ದ ಹನ್ನೊಂದು ಮಂದಿಯೂ ಅಸುನೀಗಿದರು. ಅಂದಿನ ಮಂಜಿನಲ್ಲಿ ದೀಪವೊಂದೇ ಅವರನ್ನು ಉಳಿಸುತ್ತಿತ್ತೆಂದು ಹೇಳುವಂತಿಲ್ಲ. ಆದರೆ ಕಾಣದ ಗೋಡೆ ಮೇಲಿನವನಿಗೂ ಒಳಗಿನವನಿಗೂ ಒಂದೇ ಸಮನಾದ ಮೃತ್ಯುವೆಂಬುದು ಅಂದು ಲೋಕಕ್ಕೆ ಮನವರಿಕೆಯಾಯಿತು.

ಈ ದೀಪಗಳ ಕ್ರಮವನ್ನು ಇಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಪಡಿಸಿದೆ. ನೆತ್ತಿಯಲ್ಲಿ ಒಂದು ದೀಪವಿಟ್ಟರೆ ಸಾಲದು; ಕಟ್ಟಡದ ಅಗಲ, ಆಕಾರಗಳೂ ಚಾಲಕನಿಗೆ ತಿಳಿಯಬೇಕು. ಆದುದರಿಂದ ಅಂಚುಗಳಲ್ಲಿಯೂ, ಎತ್ತರ ಹೆಚ್ಚಿದಂತೆ ನಡುನಡುವೆಯೂ ದೀಪಗಳಿರಬೇಕು. 150 ಮೀಟರಿಗಿಂತ ಎತ್ತರವಾಗಿದ್ದು ಹಗಲಿನಲ್ಲಿಯೂ ಎದ್ದು ಕಾಣಬೇಕಾದ ರಚನೆಗಳಿಗೆ ಮಿನುಗುವ ಬಿಳಿಯ ದೀಪವಿದೆ. ಹಗಲಿನಲ್ಲಿ ಅದರ ಪ್ರಖರತೆ 2,00,000 ಕ್ಯಾಂಡೆಲಾ. ರಾತ್ರಿ ಕೇವಲ 2,000. ಕತ್ತಲಲ್ಲಿ ಅತಿಯಾದ ಬೆಳಕು ದಾರಿ ತೋರುವ ಬದಲು ಕಣ್ಣು ಕುಕ್ಕೀತು!

ಬೆಳಕಿಗೂ ಒಂದು ದೋಷವುಂಟು. ರಾತ್ರಿಯಲ್ಲಿ ವಲಸೆ ಹೋಗುವ ಹಕ್ಕಿಗಳು ಮೋಡ ಕವಿದಾಗ ಎತ್ತರದ ಪ್ರಸಾರ ಗೋಪುರಗಳ ಎಡೆಬಿಡದೆ ಉರಿಯುವ ಕೆಂಪು ದೀಪಗಳಿಗೆ ಮರುಳಾಗಿ, ಅವುಗಳನ್ನೇ ಸುತ್ತಿ ಸುತ್ತಿ, ಗೋಪುರವನ್ನು ಬಿಗಿದ ತಂತಿಗಳಿಗೆ ಬಡಿದು ಸಾಯುತ್ತವೆ. ಮಿನುಗುವ ದೀಪಕ್ಕೆ ಈ ಮೋಹಕ ಶಕ್ತಿ ಕಡಿಮೆಯೆಂದು ಕಂಡುಬಂದ ಮೇಲೆ ಅಮೆರಿಕ 2015ರಲ್ಲಿ ಗೋಪುರದೀಪಗಳ ಕ್ರಮವನ್ನು ತಿದ್ದಿಕೊಂಡಿತು. ಚಾಲಕನ ರಕ್ಷೆಯೂ ಉಳಿಯಿತು, ಹಕ್ಕಿಯ ಪ್ರಾಣವೂ ಉಳಿಯಿತು.

ಎಲ್ಲಕ್ಕಿಂತ ಕಠಿಣವಾದುದು ದೀಪವನ್ನು ಹಚ್ಚುವುದಲ್ಲ, ಆರದಂತೆ ಕಾಯುವುದು. ಮನೆಯೊಳಗೆ ಕುಳಿತವನಿಗೆ ತನ್ನ ನೆತ್ತಿಯ ದೀಪ ಕಾಣದು, ಆರಿದರೂ ಅರಿವಾಗದು. ಅದಕ್ಕೆಂದೇ ಅಮೆರಿಕದಲ್ಲಿ ಪ್ರಸಾರ ಗೋಪುರದ ಒಡೆಯನು ದಿನಕ್ಕೊಮ್ಮೆಯಾದರೂ ದೀಪಗಳನ್ನು ನೋಡಬೇಕು, ಇಲ್ಲವೇ ತಾನಾಗಿ ಎಚ್ಚರಿಸುವ ಯಂತ್ರವನ್ನಿರಿಸಬೇಕು. ತುದಿಯ ದೀಪ ಕೆಟ್ಟು 30 ನಿಮಿಷದೊಳಗೆ ಸರಿಹೋಗದಿದ್ದರೆ ಒಡನೆಯೇ ವಿಮಾನಯಾನದ ಅಧಿಕಾರಿಗಳಿಗೆ ತಿಳಿಸಬೇಕು. ಆ ಸುದ್ದಿ ಅಲ್ಲಿಂದ ಚಾಲಕರನ್ನು ಮುಟ್ಟುತ್ತದೆ.

ಕಾರ್ತಿಕದಲ್ಲಿ ಆಕಾಶದೀಪವನ್ನು ಏರಿಸುವ ಪದ್ಧತಿ ನಮಗೆ ಹೊಸದಲ್ಲ. ಆದರೆ ಅದು ಒಂದು ಮಾಸದ ವ್ರತ. ಇದು ವರ್ಷವಿಡೀ ನಡೆಯಬೇಕಾದ ನಿತ್ಯವ್ರತ. ಎತ್ತರಕ್ಕೆ ಏರಿದವನು ದಾರಿಹೋಕನಿಗೆ ಸಲ್ಲಿಸಬೇಕಾದ ಋಣವೇ ಆ ಪುಟ್ಟ ಕೆಂಪು ದೀಪ.