ನಿಮಗಿದು ಗೊತ್ತೆ? ನಾಲಗೆ ಬಯಲು ಮಾಡಿದ ಗುಟ್ಟು

ವಿಟಮಿನ್ ಸಿ ನುಂಗುತ್ತಿದ್ದರೆ ನೆಗಡಿ ಹತ್ತಿರ ಸುಳಿಯುವುದಿಲ್ಲವೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಇದರ ಪರೀಕ್ಷೆಗೆ ಅಲ್ಲಿನ 311 ನೌಕರರೇ ಮುಂದೆ ಬಂದರು. ಕೆಲವರ ಕ್ಯಾಪ್ಸೂಲಿನಲ್ಲಿ ನಿಜವಾದ ವಿಟಮಿನ್, ದಿನಕ್ಕೆ 3 ಗ್ರಾಂ; ಉಳಿದವರದ್ದರಲ್ಲಿ ಬರೀ ಹಾಲಿನ ಸಕ್ಕರೆ. ಯಾರಿಗೆ ಯಾವುದೆಂದು ಗೊತ್ತಾಗಬಾರದು, ಪರೀಕ್ಷೆಯ ಜೀವಾಳವೇ ಅದು. ಆದರೆ ಆರೋಗ್ಯ ಸಂಸ್ಥೆಯ ನೌಕರರಲ್ಲವೆ, ಕುತೂಹಲ ತಡೆಯಲಿಲ್ಲ! ಹಲವರು ಕ್ಯಾಪ್ಸೂಲಿನೊಳಗಿನ ಪುಡಿಯ ರುಚಿ ನೋಡಿಯೇಬಿಟ್ಟರು. ಹುಳಿಯಾದರೆ ವಿಟಮಿನ್, ಸಿಹಿಯಾದರೆ ಸಕ್ಕರೆ. 1975ರಲ್ಲಿ ಫಲಿತಾಂಶ ಪ್ರಕಟವಾಯಿತು. ನೆಗಡಿ ಬರುವುದೇನೂ ಅಷ್ಟಾಗಿ ತಪ್ಪಿರಲಿಲ್ಲ. ವಿಟಮಿನ್ ಪಡೆದವರಲ್ಲಿ ತುಸು ಬೇಗ ಇಳಿದಂತೆ ಕಂಡಿತ್ತು, ನಿಜ. ಗುಟ್ಟು ತಿಳಿಯದವರನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಆ ಲಾಭವೂ ಮಾಯ.