ಶಾಸನದ ಕೊನೆಯ ಸಾಲಿನ ಆಚಾರಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆ ಅಶೋಕನ ಬಂಡೆಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ ಎಂಬ ಚಕ್ರವರ್ತಿಯ ಬುದ್ಧಿಮಾತು ಮುಗಿದ ಮೇಲೆ ಕೊನೆಯಲ್ಲೊಂದು ಹೆಸರು ಬರುತ್ತದೆ: ಚಪಡ. ಬರೆದವನು ತಾನೇ ಎಂದು ಹೇಳಿಕೊಂಡ ಈ ಆಸಾಮಿ, ತಾನು ಲಿಪಿಕಾರನೆಂದು ಸಾರುವ ಪದಕ್ಕೆ ಬಂದಾಗ ಥಟ್ಟನೆ ಲಿಪಿಯನ್ನೇ ಬದಲಿಸಿಬಿಟ್ಟಿದ್ದಾನೆ. ಆ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ.

ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಇಂದಿನ ಪಾಕಿಸ್ತಾನದ ವಾಯವ್ಯ ಸೀಮೆಯಲ್ಲಿ. ಮೊಳಕಾಲ್ಮೂರಿನ ಸುತ್ತ ಅದನ್ನು ಓದಬಲ್ಲವರು ಯಾರೂ ಇದ್ದಿರಲಾರರು. ಹಾಗಿದ್ದೂ ಮೂರು ಕಡೆಯೂ ಬರೆದ. ಇದನ್ನು ಊರಿನ ನೆನಪು ಎಂದು ಭಾವುಕವಾಗಿ ವಿವರಿಸಬಹುದು. ನನಗಂತೂ ಅಪ್ಪಟ ಕಸುಬುದಾರನ ಜಂಭವೇ ಕಾಣುತ್ತದೆ: ನನಗೆ ಎರಡು ಲಿಪಿ ಗೊತ್ತು, ನೋಡಿ! ಕನ್ನಡ ನೆಲದ ಬಂಡೆಯ ಮೇಲೆ ತನ್ನ ಹೆಸರು ಬಿಟ್ಟುಹೋದ ಮೊದಮೊದಲಿಗರಲ್ಲಿ ಇವನೊಬ್ಬ. ರಾಜನೂ ಅಲ್ಲ, ಕವಿಯೂ ಅಲ್ಲ.

ಶಾಸನ ಎಂದಕೂಡಲೇ ನಾವು ಕೇಳುವುದು ಯಾವ ರಾಜ, ಯಾವ ವರ್ಷ, ಎಷ್ಟು ದಾನ ಎಂದು. ಸ್ವಲ್ಪ ಸಾಹಿತ್ಯದ ಗೀಳಿದ್ದವರು ಕವಿ ಯಾರೆಂದು ಕೇಳುತ್ತಾರೆ. ಉಳಿ ಹಿಡಿದವನ ಬಗ್ಗೆ ಕೇಳುವವರು ಕಡಿಮೆ. ಕ್ರಿ.ಶ. 634ರ ಐಹೊಳೆಯ ಶಾಸನವನ್ನೇ ನೋಡಿ. ಮೇಗುತಿ ಜಿನಾಲಯದ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಹಾಡಿದ ರವಿಕೀರ್ತಿ, ಕಾಳಿದಾಸ ಭಾರವಿಯರ ಕೀರ್ತಿ ತನಗೂ ಸಂದಿದೆ ಎಂದು ಹೇಳಿಕೊಂಡ. ಅವನ ಆ ಆತ್ಮಪ್ರಶಂಸೆಯೇ ಇಂದು ಕಾಳಿದಾಸನ ಕಾಲನಿರ್ಣಯಕ್ಕೆ ಒಂದು ಗಡಿಗಲ್ಲು, ಕವಿ 634ಕ್ಕಿಂತ ಈಚಿನವನಲ್ಲ ಎಂಬುದಕ್ಕೆ ಖಚಿತ ಸಾಕ್ಷಿ. ಆದರೆ ಆ ಹತ್ತೊಂಬತ್ತು ಸಾಲನ್ನು ಕಲ್ಲಿಗಿಳಿಸಿದವನ ಹೆಸರಿಲ್ಲ. ಅವನ ಉಳಿ ಹತ್ತಿಪ್ಪತ್ತು ಅಕ್ಷರ ತಪ್ಪಿದ್ದರೆ ರವಿಕೀರ್ತಿಯೂ ಇಲ್ಲ, ಗಡಿಗಲ್ಲೂ ಇಲ್ಲ.

ಇದಕ್ಕೆ ಅಪವಾದ ತಾಳಗುಂದದ ಕುಬ್ಜ. ಶಿಕಾರಿಪುರ ತಾಲ್ಲೂಕಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕದಂಬರ ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಕಥೆ ಇದೆ. ಅದನ್ನು ಸಂಸ್ಕೃತ ಕಾವ್ಯವಾಗಿ ರಚಿಸಿದ ಕುಬ್ಜ, ಕದಂಬ ಅರಸ ಶಾಂತಿವರ್ಮನ ಅಪ್ಪಣೆಯಂತೆ ಈ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಎನ್ನುತ್ತಾನೆ. ಉಳಿಯನ್ನೂ ಅವನೇ ಹಿಡಿದನೋ, ಕಲ್ಲಿನ ಮೇಲೆ ಅಕ್ಷರ ಬರೆದುಕೊಟ್ಟು ಕೆತ್ತನೆಯನ್ನು ಕಲ್ಲುಕುಟಿಗನಿಗೆ ಬಿಟ್ಟನೋ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಆ ಅಕ್ಷರಗಳ ತಲೆಯ ಮೇಲಿನ ಪುಟ್ಟ ಪೆಟ್ಟಿಗೆಗಳನ್ನು ನೋಡಿದವರಿಗೆ ಒಂದು ವಿಷಯ ಸ್ಪಷ್ಟ. ಓದಲಿಕ್ಕೆ ಆ ಪೆಟ್ಟಿಗೆಗಳ ಅಗತ್ಯವೇ ಇಲ್ಲ. ಗಟ್ಟಿ ಕಲ್ಲಿನಲ್ಲಿ ಪ್ರತಿ ಅಕ್ಷರಕ್ಕೂ ಅಷ್ಟು ಹೆಚ್ಚಿನ ದುಡಿಮೆ ಸುರಿದಿರುವುದು ಅಂದಕ್ಕಾಗಿ ಮಾತ್ರ.

ಕೆಲಸದ ರೀತಿ ಸ್ಥೂಲವಾಗಿ ಹೀಗೆ: ಕವಿಯೋ ಸೇನಬೋವನೋ ಪಾಠ ಸಿದ್ಧಮಾಡುತ್ತಾನೆ. ಕಲ್ಲಿನ ಮುಖವನ್ನು ತಟ್ಟಿ ನಯಗೊಳಿಸುತ್ತಾರೆ. ಬಣ್ಣದಲ್ಲೋ ಬಳಪದಲ್ಲೋ ಅಕ್ಷರ ಬರೆದುಕೊಂಡ ಮೇಲೆ ಕಂಡರಿಸುವವನು ಕೂರುತ್ತಾನೆ. ಅಲ್ಲಿಂದಾಚೆಗೆ ಕಲ್ಲು ಹೇಳಿದ್ದೇ ಮಾತು. ಬಾದಾಮಿ ಸೀಮೆಯ ಮರಳುಗಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ. ಕಣಶಿಲೆಯಲ್ಲಿ ಗೀಟು ಎಳೆಯಲಾಗದು, ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಮುಂದುವರಿಯಬೇಕು. ಹೊಯ್ಸಳರ ಬಳಪದ ಕಲ್ಲಿನ ಕಥೆಯೇ ಬೇರೆ: ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿ. ಹನ್ನೆರಡನೆಯ ಶತಮಾನದ ಕನ್ನಡ ಅಕ್ಷರ ದುಂಡಗೆ, ತುಂಬಿಕೊಂಡು, ಬಳ್ಳಿಯಂತೆ ಬಳುಕುವುದಕ್ಕೆ ಆ ಕಲ್ಲಿನ ಪಾಲೂ ಇದೆ. ತಾಳೆಗರಿಯನ್ನೂ ಇಲ್ಲಿ ಮರೆಯುವಂತಿಲ್ಲ. ಕಬ್ಬಿಣದ ಕಂಟದಿಂದ ಗರಿಯನ್ನು ಕೊರೆದು ಮೇಲೆ ಮಸಿ ಉಜ್ಜುವುದೂ ಕೆತ್ತನೆಯೇ.

ಹೊಯ್ಸಳರ ಕಾಲಕ್ಕೆ ಈ ಕಸುಬಿನವರು ತಲೆಯೆತ್ತಿ ನಿಂತರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳ ಕೊನೆಯಲ್ಲಿ ಗಂಗಾಚಾರಿ ‘ಬಿರುದರೂವಾರಿ ಮುಖತಿಲಕ’ ಎಂಬ ಬಿರುದಿನೊಂದಿಗೇ ಬರುತ್ತಾನೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮದನಿಕೆಯರ ಪೀಠದಲ್ಲಿ ಹೆಸರು ಕೆತ್ತಿಕೊಂಡಿದ್ದಾರೆ, ಪ್ರತಿಸ್ಪರ್ಧಿಗಳನ್ನು ಕೆಣಕುವ ಬಿರುದುಗಳ ಸಮೇತ. ಮಲ್ಲಿತಮ್ಮನ ಸಹಿ ಅಮೃತಪುರ, ನುಗ್ಗೇಹಳ್ಳಿ, ಸೋಮನಾಥಪುರದಲ್ಲೆಲ್ಲ ಸಿಗುತ್ತದೆ. ಹೊಯ್ಸಳ ಶಿಲ್ಪದ ಇತಿಹಾಸವನ್ನು ಅರಸರ ಹೆಸರಿಲ್ಲದೆ ಕಲಾವಿದರ ಹೆಸರಿನಿಂದಲೇ ಬರೆಯಲು ಸಾಧ್ಯವಾಗಿರುವುದು ಈ ಚಿಕ್ಕ ಚಿಕ್ಕ ಗೀಚುಗಳಿಂದ. ಭಾರತದ ಮಧ್ಯಯುಗದ ಕಲೆಯಲ್ಲಿ ಇದು ಅಪರೂಪದ ಭಾಗ್ಯ.

ತಾಮ್ರಪಟಗಳದು ಇನ್ನೊಂದು ಲೋಕ. ಅಕ್ಷರ ಸವೆಯದಿರಲೆಂದು ತಗಡಿನ ಅಂಚನ್ನು ತುಸು ಎತ್ತರಿಸಿ, ತೂತಿಗೆ ಬಳೆ ಹಾಕಿ, ಬಳೆಗೆ ರಾಜಮುದ್ರೆ ಒತ್ತುತ್ತಿದ್ದರು. ವಿಜಯನಗರದ ಹಲವು ತಾಮ್ರಶಾಸನಗಳಲ್ಲಿ ಸಭಾಪತಿ ಕವಿಯಾದರೆ ಕೆತ್ತಿದವನು ಮಲ್ಲಣನ ಮಗ ವೀರಣಾಚಾರ್ಯ. ಇಡೀ ಪಠ್ಯ ಸಂಸ್ಕೃತ, ನಂದಿನಾಗರಿ ಲಿಪಿ. ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಮಾತ್ರ ಕನ್ನಡ ಅಕ್ಷರದಲ್ಲಿ. ಭೂಮಿಯ ಹಕ್ಕು ತಾಮ್ರದಲ್ಲಿತ್ತು. ಹಾಗಾಗಿ ಖೋಟಾ ತಾಮ್ರಪಟಗಳೂ ಹುಟ್ಟಿದವು. ಗಂಗರ ಪಟಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಶಾಸನತಜ್ಞರಾದ ಜೆ.ಎಫ್. ಫ್ಲೀಟ್ ಮತ್ತು ರೈಸ್ ನಡುವೆ ಜೋರು ವಾಗ್ವಾದವೇ ನಡೆಯಿತು. ಹಳೆಯ ತೇದಿಯನ್ನು ಯಾರು ಬೇಕಾದರೂ ಹಾಕಬಹುದು, ಹಳೆಯ ಕೈಯನ್ನು ತರುವುದು ಕಷ್ಟ. ನೂರಾರು ವರ್ಷ ಈಚಿನ ಅಕ್ಷರದ ತಿರುವೊಂದು ನುಸುಳಿದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ.

ಅರಸರ ಸುದ್ದಿಯಲ್ಲದೆ ನಾಯಿಯ ಸುದ್ದಿಯೂ ಕಲ್ಲಿನಲ್ಲಿ ಉಳಿದಿದೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಸೆಣಸುತ್ತಿದೆ. ಎರಡೂ ಸತ್ತವು, ಒಡೆಯ ಮಣಲೆರ ಕಲ್ಲು ನಿಲ್ಲಿಸಿದ. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಸಂಗತಿಯೂ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ಕಲ್ಲಿನಲ್ಲಿ ಯುದ್ಧಕ್ಕೆ ಅಕ್ಷರ ಸಿಕ್ಕಿದೆ, ಚಿತ್ರ ಸಿಕ್ಕಿರುವುದು ನಾಯಿಗೆ. ಶಿಲ್ಪಿಯ ಲೆಕ್ಕಾಚಾರ ನನಗೆ ಒಪ್ಪಿಗೆ.

ರೈಸ್ ಮತ್ತು ಆರ್. ನರಸಿಂಹಾಚಾರ್ ಅವರ ತಲೆಮಾರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಅಚ್ಚು ತೆಗೆಯಿತು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಹುಟ್ಟಿದ್ದು ಹಾಗೆ. ಆದರೆ ಅಚ್ಚಾದ ಪುಟದಲ್ಲಿ ಹಳಗನ್ನಡದ ಪಾಠ ಉಳಿಯುತ್ತದೆ, ಕೈ ಉಳಿಯುವುದಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಚೆಗೆ ಶಾಸನಗಳ ತ್ರೀಡಿ ಸ್ಕ್ಯಾನ್ ಮಾಡುತ್ತಿರುವುದನ್ನು ನಾನು ಮುಖ್ಯವೆನ್ನುವುದು ಇದಕ್ಕೇ. ಉಳಿಯ ಏಟಿನ ಆಳ, ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೆ ತುರುಕಿದ ಜಾಗ, ಎಲ್ಲವೂ ಅಲ್ಲಿ ದಾಖಲಾಗಬಲ್ಲವು.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಅಷ್ಟು ಹಳೆಯದು ಅಷ್ಟು ದೊಡ್ಡ ನಗರದೊಳಗೆ ಉಳಿದಿದ್ದರೆ ನಿಮ್ಮ ಊರಿನ ಕೆರೆಯಂಗಳದಲ್ಲೋ ಬಟ್ಟೆ ಒಗೆಯುವ ಕಡೆಯೋ ಇನ್ನೊಂದು ಇರಬಾರದೇಕೆ? ಕಂಡರೆ ಎಣ್ಣೆ, ಅರಿಸಿನ, ಆಯಿಲ್ ಪೇಂಟ್ ಬಳಿಯಬೇಡಿ, ಬಳಿಯಲು ಬಿಡಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಓದಬಲ್ಲವರು ಸಿಕ್ಕಾಗ ರಾಜನ ಹೆಸರು ಬಂತೆಂದು ಅಲ್ಲಿಗೇ ನಿಲ್ಲಿಸದೆ, ಕೊನೆಯ ಸಾಲಿನವರೆಗೂ ಓದಿಸಿ ಕೇಳಿ.