ಗೂಗಲ್‌ನ ಮೊದಲ ಸಾಲಿಗೆ ಯಾರ ಶಿಫಾರಸು?

2010ರ ಕೊನೆಯ ತಿಂಗಳುಗಳು. ಅಮೆರಿಕದಲ್ಲಿ ಕ್ರಿಸ್‌ಮಸ್ ಖರೀದಿ ಜೋರಾಗಿದ್ದಾಗ ಗೂಗಲ್‌ನಲ್ಲಿ ಏನು ಹುಡುಕಿದರೂ ಜೆ.ಸಿ. ಪೆನ್ನಿ ಎಂಬ ಮಳಿಗೆಯೇ ಮೊದಲು ಬರುತ್ತಿತ್ತು. ಹೆಂಗಸರ ಉಡುಪು ಎಂದರೆ ಪೆನ್ನಿ, ಹಾಸಿಗೆ ಹೊದಿಕೆ ಎಂದರೆ ಪೆನ್ನಿ, ನೆಲಹಾಸು ಎಂದರೂ ಪೆನ್ನಿ. ಇನ್ನೂ ತಮಾಷೆಯೆಂದರೆ, ಸ್ಯಾಮ್ಸೊನೈಟ್ ಸೂಟ್‌ಕೇಸ್ ಬೇಕೆಂದು ಹೆಸರು ಹಿಡಿದು ಹುಡುಕಿದವರಿಗೂ ಸ್ಯಾಮ್ಸೊನೈಟ್ ಕಂಪನಿಯ ಸ್ವಂತ ಜಾಲತಾಣಕ್ಕಿಂತ ಮೇಲೆ ಪೆನ್ನಿ ಕಾಣಿಸುತ್ತಿತ್ತು.

ನ್ಯೂಯಾರ್ಕ್ ಟೈಮ್ಸ್‌ನ ಡೇವಿಡ್ ಸೀಗಲ್‌ಗೆ ಅನುಮಾನ ಬಂತು. ಬಲ್ಲವರೊಬ್ಬರಿಂದ ಕೆದಕಿಸಿ ನೋಡಿದಾಗ ಪೆನ್ನಿ ತಾಣದತ್ತ ಬೆರಳು ತೋರಿಸುವ 2,015 ಪುಟಗಳು ಸಿಕ್ಕವು. ಅವು ಎಂಥ ಪುಟಗಳು? ಗೊರಕೆಯ ಬಗ್ಗೆ, ಮೀನು ಹಿಡಿಯುವುದರ ಬಗ್ಗೆ, ಹಲ್ಲಿನ ಡಾಕ್ಟರರ ಬಗ್ಗೆ, ಬಲ್ಗೇರಿಯಾದಲ್ಲಿ ಮನೆ ಕೊಳ್ಳುವುದರ ಬಗ್ಗೆ. ನಡುವೆ ಎಲ್ಲೋ ಒಂದು ಮೂಲೆಯಲ್ಲಿ, ಸಂದರ್ಭವಿಲ್ಲದೆ, ಉಡುಪುಗಳ ಹೆಸರಿರುವ ಒಂದು ಲಿಂಕ್. ಒತ್ತಿದರೆ ಪೆನ್ನಿ ಅಂಗಡಿ. ಪತ್ರಿಕೆಯವರು ಗೂಗಲ್‌ಗೆ ವಿಷಯ ಮುಟ್ಟಿಸಿದರು. 2011ರ ಫೆಬ್ರುವರಿ 9ರ ಸಂಜೆ 7 ಗಂಟೆಗೆ ಸ್ಯಾಮ್ಸೊನೈಟ್ ಹುಡುಕಾಟದಲ್ಲಿ ಮೊದಲ ಸ್ಥಾನದಲ್ಲಿದ್ದ ಪೆನ್ನಿ, 9 ಗಂಟೆಗೆ 71ನೇ ಸ್ಥಾನಕ್ಕೆ ಇಳಿದಿತ್ತು. ಈ ಲಿಂಕುಗಳು ತನಗೆ ಗೊತ್ತೇ ಇರಲಿಲ್ಲ ಎಂದ ಕಂಪನಿ, ತನ್ನ ಸರ್ಚ್ ಸಲಹೆಗಾರರನ್ನು ಮನೆಗೆ ಕಳಿಸಿತು.

ಗೊರಕೆಯ ಪುಟದ ಒಂದು ಲಿಂಕಿಗೂ ಉಡುಪಿನ ವ್ಯಾಪಾರಕ್ಕೂ ಏನು ಸಂಬಂಧ? ಇದು ತಿಳಿಯಲು 1996ರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಎಂಬ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಮುಂದೆ ಗೂಗಲ್ ಆದ ‘ಬ್ಯಾಕ್‌ರಬ್’ ಎಂಬ ಸರ್ಚ್ ಎಂಜಿನ್ ಕಟ್ಟುತ್ತಿದ್ದರು. ಆ ಕಾಲದ ಸರ್ಚ್ ಎಂಜಿನ್‌ಗಳು ಮುಖ್ಯವಾಗಿ ಪುಟದೊಳಗಿನ ಪದಗಳನ್ನು ನಂಬುತ್ತಿದ್ದವು. ಪದಗಳನ್ನು ಯಾರು ಎಷ್ಟು ಬೇಕಾದರೂ ತುರುಕಬಹುದು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ನೂರು ಸಲ ಬರೆದಿಟ್ಟರೆ ಓದುಗನಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಪೇಜ್ ಬೇರೆ ಕಡೆ ನೋಡಿದರು. ವಿಜ್ಞಾನ ಪ್ರಬಂಧಗಳ ಲೋಕದಲ್ಲಿ, ಯಾವ ಪ್ರಬಂಧವನ್ನು ಉಳಿದವರು ಎಷ್ಟು ಉಲ್ಲೇಖಿಸಿದ್ದಾರೆ ಎಂದು ಎಣಿಸುವ ಪದ್ಧತಿಯನ್ನು ಯೂಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲೇ ಬೆಳೆಸಿದ್ದರು. ವೆಬ್‌ನ ಲಿಂಕೂ ಒಂದು ಉಲ್ಲೇಖವೇ ತಾನೆ? ಒಂದು ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎಂಬುದನ್ನು ಬಿಟ್ಟು, ಬೇರೆಯವರು ಅದರತ್ತ ಲಿಂಕ್ ಕೊಟ್ಟಿದ್ದಾರೆಯೇ ಎಂದು ನೋಡೋಣ ಎಂದರು. ಬ್ಯಾಕ್‌ಲಿಂಕ್ ಎಂದರೆ ಅದೇ: ಹೊರಗಿನಿಂದ ಬಂದ ಲಿಂಕ್.

ಬರೀ ತಲೆ ಎಣಿಕೆಯಾಗಿದ್ದರೆ ಈ ಉಪಾಯವೂ ಬೇಗ ಮಣ್ಣುಪಾಲಾಗುತ್ತಿತ್ತು. ಹೆಣ್ಣಿನ ಕಡೆಯವರು ಗಂಡಿನ ಬಗ್ಗೆ ಊರಲ್ಲಿ ವಿಚಾರಿಸುವಾಗ ಎಷ್ಟು ಜನ ಒಳ್ಳೆಯವನೆಂದರು ಎಂದು ಲೆಕ್ಕ ಹಾಕುವುದಿಲ್ಲ. ಹೇಳಿದವರು ಯಾರು, ಅವರ ಮಾತಿಗೆ ಊರಲ್ಲಿ ಬೆಲೆ ಇದೆಯೇ ಎಂದು ನೋಡುತ್ತಾರೆ. ಪೇಜ್‌ರ್‍ಯಾಂಕ್ ಎಂಬ ಪೇಜ್-ಬ್ರಿನ್ ಸೂತ್ರದ ತಿರುಳೂ ಇದೇ. ಹೆಚ್ಚು ತೂಕದ ಪುಟ ಕೊಟ್ಟ ಲಿಂಕಿಗೆ ಹೆಚ್ಚು ತೂಕ. ಆ ತೂಕವೂ ಹಂಚಿಹೋಗುತ್ತದೆ: ಹತ್ತು ಕಡೆ ಲಿಂಕ್ ಕೊಟ್ಟ ಪುಟದಿಂದ ಒಬ್ಬೊಬ್ಬರಿಗೆ ಹತ್ತನೇ ಒಂದು ಪಾಲು. ಜೊತೆಗೆ ಗೊತ್ತುಗುರಿಯಿಲ್ಲದೆ ಅಲೆಯುವ ಒಬ್ಬ ಕಾಲ್ಪನಿಕ ಓದುಗನೂ ಲೆಕ್ಕದಲ್ಲಿದ್ದ. ನೂರರಲ್ಲಿ 85 ಸಲ ಅವನು ಎದುರಿಗಿರುವ ಪುಟದ ಯಾವುದೋ ಲಿಂಕ್ ಒತ್ತುತ್ತಾನೆ, ಉಳಿದ 15 ಸಲ ಬೇಸತ್ತು ಎಲ್ಲೋ ಹೊಸ ಪುಟಕ್ಕೆ ಹಾರುತ್ತಾನೆ. ಹೀಗೆ ಅಲೆದಲೆದು ಅವನು ಮತ್ತೆ ಮತ್ತೆ ಬಂದು ಸೇರುವ ಪುಟವೇ ದೊಡ್ಡದು. ನಿಜವಾದ ಓದುಗರು ಲೆಕ್ಕಕ್ಕೆ ಬರುವ ಮೊದಲೇ ಸೂತ್ರದೊಳಗೆ ಹೀಗೊಬ್ಬ ಓದುಗನಿದ್ದ ಎಂಬುದು ನನಗೆ ಸೋಜಿಗ.

ನೆಂಟರ ಮಾತಿಗೆ ಬೆಲೆ ಕೊಡಬಾರದು ಎಂಬುದನ್ನೂ ಲೆಕ್ಕಕ್ಕೆ ತಂದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಶಾಲೆ ಕಲಿತ ಕೃಷ್ಣ ಭರತ್ ಒಬ್ಬರು. ಮುಂದೆ ಗೂಗಲ್ ನ್ಯೂಸ್ ಹುಟ್ಟುಹಾಕಿದವರು ಇವರೇ. ಅದಕ್ಕೂ ಮೊದಲು ಜಾರ್ಜ್ ಮಿಹೈಲಾ ಜೊತೆ ಸೇರಿ ‘ಹಿಲ್‌ಟಾಪ್’ ಎಂಬ ಸೂತ್ರ ರೂಪಿಸಿದ್ದರು. ಒಂದು ವಿಷಯದಲ್ಲಿ ಪಳಗಿದ ಪುಟಗಳನ್ನು ಮೊದಲು ಗುರುತಿಸುವುದು, ಅವು ಯಾರತ್ತ ಕೈ ತೋರಿಸುತ್ತವೆ ಎಂದು ಆಮೇಲೆ ನೋಡುವುದು ಅದರ ಕ್ರಮ. ಎರಡು ತಾಣಗಳ ಐಪಿ ವಿಳಾಸದ ಮೊದಲ ಮೂರು ಭಾಗ ಒಂದೇ ಆಗಿದ್ದರೆ ಅವು ಒಂದೇ ಮನೆಯವು ಎಂದು ಬಗೆದು, ಎರಡನ್ನೂ ಸ್ವತಂತ್ರ ಸಾಕ್ಷಿಗಳೆಂದು ಅದು ಎಣಿಸುತ್ತಿರಲಿಲ್ಲ.

ಆದರೂ ಸಾಕ್ಷಿಗಳು ಮಾರಾಟಕ್ಕೆ ಬಂದರು. ಒಂದಿಷ್ಟು ಓದುಗರಿರುವ ಜಾಲತಾಣ ನಡೆಸುವ ಯಾರ ಇನ್‌ಬಾಕ್ಸ್ ಬೇಕಾದರೂ ನೋಡಿ. ನಿಮ್ಮ ಲೇಖನ ಓದಿ ಮೈಮರೆತೆ, ನಿಮ್ಮಲ್ಲಿ ನಮ್ಮದೊಂದು ಅತಿಥಿ ಬರಹ ಹಾಕಿಕೊಳ್ಳುವಿರಾ, ಒಂದೇ ಒಂದು ಲಿಂಕ್ ಸಾಕು, ಹಣ ಎಷ್ಟು? ಯಾವ ಲೇಖನ ಓದಿದ್ದೆಂದು ಮಾತ್ರ ಹೇಳಿರುವುದಿಲ್ಲ. ಇದರ ದರ ನಿಂತಿರುವುದು ‘ಡಿಎ’ ಎಂಬ ಅಂಕದ ಮೇಲೆ. ಅದು ಮಾಜ್ ಎಂಬ ಖಾಸಗಿ ಕಂಪನಿ ಲೆಕ್ಕ ಹಾಕುವ ಅಂಕ. ಗೂಗಲ್‌ಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಕೊಳ್ಳುವವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಗೂಗಲ್ ತಡೆಗೋಡೆಗಳನ್ನು ಕಟ್ಟುತ್ತಲೇ ಬಂತು. ‘ಈ ಲಿಂಕ್ ನನ್ನ ಶಿಫಾರಸಲ್ಲ’ ಎಂದು ಯಂತ್ರಕ್ಕೆ ಹೇಳುವ ‘ನೋಫಾಲೊ’ ಗುರುತು 2005ರಲ್ಲಿ ಬಂತು. 2012ರ ಏಪ್ರಿಲ್ 24ರಂದು ಬಂದ ‘ಪೆಂಗ್ವಿನ್’ ಎಂಬ ಮಾರ್ಪಾಡು ಲಿಂಕ್ ಕೊಂಡವರನ್ನು ಪಾತಾಳಕ್ಕೆ ತಳ್ಳಿತು. 2016ರಿಂದೀಚೆಗೆ ಅಂಥ ಲಿಂಕುಗಳನ್ನು ಶಿಕ್ಷಿಸುವುದಕ್ಕಿಂತ ಸುಮ್ಮನೆ ಕಡೆಗಣಿಸುವುದೇ ಹೆಚ್ಚು. ನನ್ನ ಪ್ರಕಾರ ಇದು ಹೆಚ್ಚು ಕ್ರೂರ ಶಿಕ್ಷೆ. ದುಡ್ಡು ಕೊಟ್ಟವನಿಗೆ ತನ್ನ ದುಡ್ಡು ನೀರಿಗೆ ಬಿದ್ದದ್ದೇ ತಿಳಿಯುವುದಿಲ್ಲ.

ಲಿಂಕ್ ಕೊಡುವವರು ಬರೆಯುವವರು. ಓದುವವರು ಏನು ಹೇಳುತ್ತಾರೆ? ಅವರು ಹೇಳುವುದಿಲ್ಲ, ಒತ್ತುತ್ತಾರೆ. ಬಳಕೆದಾರರ ಕ್ಲಿಕ್ಕುಗಳು ರ್‍ಯಾಂಕಿಂಗ್‌ಗೆ ನೇರ ಕಾರಣವಲ್ಲ, ಅವುಗಳಲ್ಲಿ ಗೊಂದಲ ಜಾಸ್ತಿ ಎಂದು ಗೂಗಲ್‌ನವರು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದರು. ಅಮೆರಿಕ ಸರ್ಕಾರ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಚಿತ್ರ ಬದಲಾಯಿತು. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಸರ್ಚ್‌ನ ಉಪಾಧ್ಯಕ್ಷ ಪಾಂಡು ನಾಯಕ್ ವಾಷಿಂಗ್ಟನ್ನಿನ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾ ‘ನ್ಯಾವ್‌ಬೂಸ್ಟ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಯಾವ ಹುಡುಕಾಟಕ್ಕೆ ಜನ ಯಾವ ಫಲಿತಾಂಶ ಒತ್ತಿದರು ಎಂಬ 13 ತಿಂಗಳ ನೆನಪು ಅದರಲ್ಲಿದೆ. ಪುಟಗಳು ನಮಗೆ ನಿಜವಾಗಿ ಅರ್ಥವಾಗುವುದಿಲ್ಲ, ಜನ ಅವುಗಳಿಗೆ ಹೇಗೆ ಸ್ಪಂದಿಸುತ್ತಾರೆ ಎಂದು ನೋಡಿ ಅರ್ಥವಾದಂತೆ ನಟಿಸುತ್ತೇವೆ ಎಂಬ ಧಾಟಿಯ, ಗೂಗಲ್ ಒಳಗಿನದೇ ಒಂದು ಹಳೆಯ ಪ್ರಾತ್ಯಕ್ಷಿಕೆಯೂ ಅದೇ ಮೊಕದ್ದಮೆಯಲ್ಲಿ ಹೊರಬಿತ್ತು. 2024ರ ಮೇ ತಿಂಗಳಲ್ಲಿ ಸೋರಿದ ಒಳದಾಖಲೆಗಳಲ್ಲಿ ‘ಗುಡ್ ಕ್ಲಿಕ್ಸ್’, ‘ಬ್ಯಾಡ್ ಕ್ಲಿಕ್ಸ್’, ‘ಲಾಸ್ಟ್ ಲಾಂಗೆಸ್ಟ್ ಕ್ಲಿಕ್ಸ್’ ಎಂಬ ಹೆಸರುಗಳಿದ್ದವು. ಯಾವುದಕ್ಕೆ ಎಷ್ಟು ತೂಕ ಎಂಬುದು ಮಾತ್ರ ಅವುಗಳಲ್ಲಿ ಇರಲಿಲ್ಲ.

ಕೊನೆಯ ಹೆಸರು ಬಹಳ ಹೇಳುತ್ತದೆ. ರೈತರೊಬ್ಬರು ಮೊಬೈಲಿನಲ್ಲಿ ‘ಪಹಣಿ’ ಎಂದು ಹುಡುಕುತ್ತಾರೆ ಎನ್ನಿ. ಮೊದಲ ಪುಟ ತೆರೆದರೆ ಜಾಹೀರಾತು, ಅದರ ಕೆಳಗೆ ಪಹಣಿ ಎಂದರೇನು ಎಂಬ ಪ್ರವಚನ, ಮತ್ತೆ ಜಾಹೀರಾತು. ಕ್ಷಣದಲ್ಲೇ ಹಿಂದಕ್ಕೆ. ಎರಡನೆಯದರಲ್ಲಿ ವಾಟ್ಸ್‌ಆ್ಯಪ್ ಗುಂಪು ಸೇರಿ ಎಂಬ ಹಸಿರು ಬಟನ್. ಮತ್ತೆ ಹಿಂದಕ್ಕೆ. ಮೂರನೆಯದು ಕಂದಾಯ ಇಲಾಖೆಯ ತಾಣ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಅಲ್ಲೇ ನಿಂತರು, ಗೂಗಲ್‌ಗೆ ಮರಳಲಿಲ್ಲ. ಹುಡುಕಾಟ ಎಲ್ಲಿ ಮುಗಿಯಿತೋ ಆ ಕ್ಲಿಕ್ಕಿಗೆ ಬೆಲೆ. ಬಂದವರಲ್ಲಿ ಎಷ್ಟು ಪಾಲು ಜನ ಮುಂದೇನೂ ನೋಡದೆ ಹೊರಟುಹೋದರು ಎಂದು ತಾಣದ ಮಾಲೀಕ ತನ್ನ ಅನಲಿಟಿಕ್ಸ್‌ನಲ್ಲಿ ನೋಡುವ ‘ಬೌನ್ಸ್ ರೇಟ್’ ಇದಲ್ಲ. ಆ ಅಂಕಿಯನ್ನು ರ್‍ಯಾಂಕಿಂಗ್‌ಗೆ ಬಳಸುವುದಿಲ್ಲ ಎನ್ನುತ್ತದೆ ಗೂಗಲ್. ಹುಡುಕಾಟದ ಪುಟದಿಂದ ಹೊರಟು ಅಲ್ಲಿಗೇ ಹಿಂದಿರುಗುವ ಹೆಜ್ಜೆಗಳು ಹೇಗೂ ಅದರ ಕಣ್ಣ ಮುಂದೆಯೇ ಇವೆ.

ಕ್ಲಿಕ್ಕನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್‌ಟೆನ್ ಜೋಕಿಮ್ಸ್ ತಂಡ ಫಲಿತಾಂಶಗಳ ಕ್ರಮವನ್ನು ಬೇಕೆಂದೇ ತಲೆಕೆಳಗು ಮಾಡಿ, ಓದುಗರ ಕಣ್ಣಿನ ಚಲನೆಯನ್ನು ಹಿಡಿದು ನೋಡಿತು. ಕೆಳಗಿನದನ್ನು ಮೇಲಿಟ್ಟರೂ ಜನ ಮೇಲಿನದಕ್ಕೇ ಹೆಚ್ಚಾಗಿ ಒಲಿದರು ಎಂದು 2005ರಲ್ಲಿ ಅದು ವರದಿ ಮಾಡಿತು. ಮೇಲಿರುವುದಕ್ಕೇ ಕ್ಲಿಕ್, ಕ್ಲಿಕ್ ಇರುವುದಕ್ಕೇ ಮೇಲಿನ ಸ್ಥಾನ ಎಂದಾದರೆ ಹೊಸಬನಿಗೆ ಬಾಗಿಲೇ ಇಲ್ಲ. ಆದ್ದರಿಂದ ಆ ಸ್ಥಾನಕ್ಕೆ ಸಹಜವಾಗಿ ಬರಬೇಕಾದದ್ದಕ್ಕಿಂತ ಹೆಚ್ಚು ಬಂತೋ ಕಡಿಮೆ ಬಂತೋ ಎಂದು ನೋಡಬೇಕಾಗುತ್ತದೆ. ಮೋಸದ ಭಯ ಬೇರೆ. 2014ರಲ್ಲಿ ರ್‍ಯಾಂಡ್ ಫಿಶ್ಕಿನ್ ಎಂಬ ಸರ್ಚ್ ತಜ್ಞ, ಇಂಥ ಪದ ಹುಡುಕಿ ನನ್ನ ಪುಟ ಒತ್ತಿ ಎಂದು ಟ್ವಿಟರ್ ಗೆಳೆಯರನ್ನು ಕೇಳಿದರು. ಕೆಲವೇ ಗಂಟೆಗಳಲ್ಲಿ ಆ ಪುಟ ತುದಿಗೇರಿತು. ಬಾಡಿಗೆ ಬೆರಳುಗಳ ವ್ಯಾಪಾರ ಅಂದಿನಿಂದ ಇಂದಿಗೂ ನಡೆದಿದೆ.

ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪಿತ್ತಾಗ ಈ ಕ್ಲಿಕ್ಕುಗಳ ರಾಶಿಗೆ ದೊಡ್ಡ ಜಾಗವಿತ್ತು. ಗೂಗಲ್ 13 ತಿಂಗಳಲ್ಲಿ ಕೂಡಿಹಾಕುವಷ್ಟು ಬಳಕೆದಾರರ ಮಾಹಿತಿಗೆ ಮೈಕ್ರೊಸಾಫ್ಟ್‌ನ ಬಿಂಗ್‌ಗೆ 17 ವರ್ಷಕ್ಕೂ ಹೆಚ್ಚು ಬೇಕು ಎಂದಿತು ಆ ತೀರ್ಪು. 2025ರ ಸೆಪ್ಟೆಂಬರ್‌ನಲ್ಲಿ, ಆ ಮಾಹಿತಿಯ ಒಂದಷ್ಟು ಭಾಗವನ್ನು ಪ್ರತಿಸ್ಪರ್ಧಿಗಳ ಜೊತೆ ಹಂಚಿಕೊಳ್ಳಬೇಕೆಂದು ಅವರು ಆದೇಶಿಸಿದರು.

ಈಗ ನಮ್ಮ ಮನೆಯ ಮಾತು. 2021ರ ಜೂನ್‌ನಲ್ಲಿ, ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ‘ಕನ್ನಡ’ ಎಂದು ಚೌಕಟ್ಟು ಹಾಕಿ ತೋರಿಸಿತು. ನಾಡೆಲ್ಲ ಸಿಟ್ಟಿಗೆದ್ದಿತು, ಸಚಿವರು ನೋಟಿಸ್ ಕೊಡುವುದಾಗಿ ಹೇಳಿದರು, ಗೂಗಲ್ ಉತ್ತರ ತೆಗೆದು ಕ್ಷಮೆ ಕೇಳಿತು. ಅದು ಗೂಗಲ್‌ನ ಅಭಿಪ್ರಾಯವಾಗಿರಲಿಲ್ಲ, ಯಾವುದೋ ಒಂದು ತಾಣದ ಸಾಲು. ಅದು ಅಷ್ಟು ಮೇಲೇರಿದ್ದು ಹೇಗೆ? ನನಗೆ ಅನ್ನಿಸುವುದು ಇಷ್ಟು: ಮಾನಗೆಟ್ಟ ಪ್ರಶ್ನೆಗೆ ಮಾನವಂತರು ಉತ್ತರ ಬರೆದಿಟ್ಟಿರುವುದಿಲ್ಲ. ಲಿಂಕ್ ಕೊಟ್ಟವರಿಲ್ಲ, ಒತ್ತಿದವರಿಲ್ಲ, ಕಣದಲ್ಲಿ ಬೇರೆ ಪುಟವೇ ಇಲ್ಲ. ಶಿಫಾರಸು ಮಾಡುವವರೇ ಇಲ್ಲದಾಗ ಯಂತ್ರ ಇದ್ದದ್ದನ್ನೇ ಎತ್ತಿ ಕೂರಿಸುತ್ತದೆ.

ಇಂಥ ಬಯಲು ಕನ್ನಡದ ಒಳ್ಳೆಯ ವಿಷಯಗಳಲ್ಲೂ ಇದೆ. ಕನ್ನಡ ಬ್ಲಾಗುಗಳು ಚಿಗುರಿದ್ದ ಕಾಲದಲ್ಲಿ ಪ್ರತಿ ಬ್ಲಾಗಿನ ಬಲಬದಿಗೆ ಗೆಳೆಯರ ಬ್ಲಾಗುಗಳ ಪಟ್ಟಿ ಇರುತ್ತಿತ್ತು; ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಲಿಂಕ್ ಹಾಕಿ ಜಗಳ ಆಡುತ್ತಿದ್ದರು. ಈಗ ಆ ಮೆಚ್ಚುಗೆ, ಆ ಜಗಳ ಎರಡೂ ವಾಟ್ಸ್‌ಆ್ಯಪ್‌ಗೆ ಹೋಗಿವೆ. ನಿವೃತ್ತ ಮೇಷ್ಟ್ರೊಬ್ಬರು ಶಾಸನದ ಬಗ್ಗೆ ಬರೆದ ಅಪರೂಪದ ಪುಟವನ್ನು ನೂರು ಗುಂಪುಗಳಲ್ಲಿ ಹಂಚಿಕೊಂಡರೂ ಅದು ಬ್ಯಾಕ್‌ಲಿಂಕ್ ಆಗುವುದಿಲ್ಲ. ಆ ಗುಂಪುಗಳ ಒಳಗೆ ಗೂಗಲ್ ಇಣುಕಲಾರದು. ಅಲ್ಲಿಂದ ನೇರ ಪುಟಕ್ಕೆ ಬಂದವರು ಹುಡುಕಿ ಬಂದವರಲ್ಲವಾದ್ದರಿಂದ, ಅವರ ಕ್ಲಿಕ್ ಸರ್ಚ್‌ನ ಲೆಕ್ಕಕ್ಕೂ ಸೇರದು.

ಇನ್ನು ನಮ್ಮ ಪತ್ರಿಕೆ, ಪೋರ್ಟಲ್‌ಗಳು. ಹೊರಗಿನ ತಾಣದಿಂದ ಮಾಹಿತಿ ತೆಗೆದುಕೊಂಡಾಗ ಲಿಂಕ್ ಕೊಡುವುದೆಂದರೆ ಓದುಗ ಕೈತಪ್ಪಿ ಹೋದಾನೆಂಬ ಆತಂಕ. ಆದ್ದರಿಂದ ಕೊನೆಯಲ್ಲಿ ‘ಕೃಪೆ: ಅಂತರ್ಜಾಲ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಬರೆದವರ ಹೆಸರಿಲ್ಲ, ವಿಳಾಸವಿಲ್ಲ. ಆ ಎರಡು ಪದಗಳ ಜಾಗದಲ್ಲಿ ಮೇಷ್ಟ್ರ ಪುಟದ ಲಿಂಕ್ ಹಾಕುವುದಕ್ಕೆ ಅರ್ಧ ನಿಮಿಷವೂ ಬೇಡ, ಹುಡುಕಾಟದಲ್ಲಿ ಮೇಲೇರಿಸಿಕೊಡುವ ಎಸ್‌ಇಒ ಕಂಪನಿಗೆ ಕಾಸೂ ಕೊಡಬೇಕಿಲ್ಲ.